ನೂರೆಂಟರ ಮೇಲೊಂದು ಕಡ್ಡಿ

ಬೆಳಗಿನ ಐದೂಕಾಲು ಗಂಟೆ. ಅಣ್ಣಾ ನಗರದ ಬೀದಿಯಲ್ಲಿ ಹಾಲಿನ ವ್ಯಾನು ಬಿಟ್ಟರೆ ಬೇರೆ ಸದ್ದಿಲ್ಲ. ಜಾನಕಮ್ಮನವರ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗೋಣಿಚೀಲ ಹಾಸಿಕೊಂಡು ಕುಳಿತ ಸದಾನಂದ ಒಂದು ಕಡ್ಡಿ ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ಗೇಣುದ್ದದ, ಕಿರುಬೆರಳು ದಪ್ಪದ ಮಾವಿನ ಕಡ್ಡಿ. ತಣ್ಣಗೆ ತಾಗಿದರೆ ಒಳಗೆ ಪಸೆ ಉಳಿದಿದೆ ಎಂದರ್ಥ. ಅನುಮಾನ ಬಂದದ್ದನ್ನು ಇನ್ನೊಂದು ಕಡ್ಡಿಗೆ ಕುಟ್ಟಿ ಕಿವಿಯ ಹತ್ತಿರ ಹಿಡಿಯುತ್ತಾರೆ. ಟಣ್ಣೆಂದರೆ ಸರಿ. ಡಬ್ಬೆಂದರೆ ಬುಟ್ಟಿಗೆ ಹೋಗುತ್ತದೆ, ಅಲ್ಲಿಂದ ಇದ್ದಿಲ ಕೆಂಡದ ಶಾಖಕ್ಕೆ, ಆಮೇಲೆ ಮತ್ತೆ ಕೆನ್ನೆಗೆ.

ಕಡ್ಡಿಗಳ ಚಪ್ಪಟೆ ಮೈಮೇಲೆ ಕಪ್ಪು ಮಸಿಯಲ್ಲಿ ಜಪಾನೀ ಬರವಣಿಗೆ ಇದೆ. ಮೇಲೆ ಒಂದು ಹೆಸರು, ಕೆಳಗೆ ಒಂದು ಹರಕೆ. ಯಾರಿಗೋ ಕಾಯಿಲೆ ವಾಸಿಯಾಗಬೇಕು, ಯಾರ ಮಗುವೋ ಪರೀಕ್ಷೆಯಲ್ಲಿ ಪಾಸಾಗಬೇಕು. ಸದಾನಂದರಿಗೆ ಅದರಲ್ಲಿ ಒಂದಕ್ಷರವೂ ಓದಲು ಬರುವುದಿಲ್ಲ. ಅವರ ಕಣ್ಣು ಬರವಣಿಗೆಯ ಮೇಲೆ ನಿಲ್ಲುವುದೂ ಇಲ್ಲ, ಕಡ್ಡಿಯ ಒಂದು ತುದಿಗೆ ಹಚ್ಚಿದ ಕೆಮ್ಮಣ್ಣಿನ ಬೊಟ್ಟನ್ನು ಮಾತ್ರ ನೋಡುತ್ತದೆ. ಬೊಟ್ಟಿರುವುದು ಬುಡ. ಮರದಲ್ಲಿ ಯಾವುದು ಬೇರಿನ ಕಡೆಗಿತ್ತೋ ಅದು. ಎಲ್ಲ ಬುಡಗಳೂ ಒಂದೇ ಕಡೆಗೆ ಬರುವಂತೆ ಜೋಡಿಸಿ ಎಣಿಸುತ್ತಾರೆ. ನೂರೆಂಟು. ಮತ್ತೆ ಎಣಿಸುತ್ತಾರೆ. ಮೂರನೆಯ ಸಲ ಎಣಿಸುವಾಗ ಹಣೆಯಲ್ಲಿ ಬೆವರು ಕಾಣಿಸಿಕೊಳ್ಳುತ್ತದೆ. ಚೆನ್ನೈಯಲ್ಲಿ ಜನವರಿ ತಿಂಗಳ ಬೆಳಗು ಬೆವರು ತರುವಂಥದ್ದಲ್ಲ.

ಕಟ್ಟು ಕಟ್ಟಿಯಾದ ಮೇಲೆ ಅವರು ಬಟ್ಟೆಚೀಲದಿಂದ ಇನ್ನೊಂದು ಕಡ್ಡಿ ತೆಗೆಯುತ್ತಾರೆ. ಇದರ ಮೇಲೆ ಏನೂ ಬರೆದಿಲ್ಲ. ಅದನ್ನು ಒಂದು ಸ್ಟೀಲ್ ಲೋಟಕ್ಕೆ ಹಾಕಿ, ಜೊತೆಗೊಂದು ಪೆನ್ಸಿಲ್ ಇಟ್ಟು, ಮಹಡಿ ಮೆಟ್ಟಿಲಿನ ಕೆಳಗೆ ಚಪ್ಪಲಿ ಬಿಡುವ ಜಾಗದಲ್ಲಿಡುತ್ತಾರೆ.

ಅದೇಕೆಂದು ಕೇಳಿದರೆ ಗಾಬರಿಯಲ್ಲಿ ಕೈ ಬೀಸುತ್ತಾರೆ. "ಆಮೇಲೆ ಹೇಳ್ತೇನೆ. ಮೊದ್ಲು ಇದನ್ನು ಮೇಲೆ ಮುಟ್ಟಿಸಿ ಬರುವ. ಕಟ್ಟು ಕೈಯಲ್ಲಿರುವಾಗ ಮಾತಾಡಿಸಿದ್ರೆ ನನ್ನ ಎದೆ ಹೊಡ್ಕೊಳ್ತದೆ ಮಾರಾಯ್ರೆ."

ಸದಾನಂದರಿಗೆ ಈಗ ಐವತ್ತಾರು. ಹುಟ್ಟಿದ್ದು ಉಡುಪಿ ಬಳಿಯ ಹಿರಿಯಡಕದಲ್ಲಿ. ಇಪ್ಪತ್ತು ದಾಟುವ ಮುಂಚೆ ಮದರಾಸಿಗೆ ಬಂದವರು ಟಿ. ನಗರದ ಬಟ್ಟೆಯಂಗಡಿಗಳ ಹಿಂದಿನ ಓಣಿಯ ಸಸ್ಯಾಹಾರಿ ಹೋಟೆಲೊಂದರ ಅಡುಗೆಮನೆ ಹೊಕ್ಕರು. ಅಲ್ಲಿ ದೋಸೆಯವರು, ಸಾಂಬಾರಿನವರು, ಸ್ವೀಟಿನವರು ಎಂದು ಒಬ್ಬೊಬ್ಬರಿಗೆ ಒಂದೊಂದು ಹೆಸರು. ಸದಾನಂದರು ಒಲೆಯವರು. ಬೆಳಗ್ಗೆ ನಾಲ್ಕಕ್ಕೆ ಐದು ಒಲೆಗಳಿಗೆ ಬೆಂಕಿ ಹಾಕಿ, ರಾತ್ರಿ ಕೊನೆಯ ಪಂಕ್ತಿ ಏಳುವವರೆಗೆ ಯಾವ ಒಲೆಗೆ ಎಷ್ಟು ಉರಿ ಬೇಕೋ ಅಷ್ಟನ್ನೇ ಕೊಡುವ ಕೆಲಸ. ಇಪ್ಪತ್ತಾರು ವರ್ಷ ಮಾಡಿದರು. ಹಾಲಿಗೊಂದು ಉರಿ, ಬೇಳೆಗೊಂದು ಉರಿ ಎಂದು ಅವರು ವಿವರಿಸಲು ತೊಡಗಿದರೆ ಕೇಳುವವರಿಗೆ ಹಸಿವಾಗುತ್ತದೆ.

ತೊಂಬತ್ತೆಂಟರಲ್ಲಿ ಹೋಟೆಲಿಗೆ ಗ್ಯಾಸ್ ಬಂತು. ಧಣಿಗಳು ಕೆಲಸದಿಂದ ತೆಗೆಯಲಿಲ್ಲ, ಇಡ್ಲಿಯ ಬಾಯ್ಲರ್ ನೋಡಿಕೊಳ್ಳಲು ಹಾಕಿದರು. ಆದರೆ ಒಂದು ಗುಂಡಿ ತಿರುಗಿಸಿದರೆ ಹೊತ್ತಿ, ಇನ್ನೊಮ್ಮೆ ತಿರುಗಿಸಿದರೆ ಆರುವ ಬೆಂಕಿಯ ಮುಂದೆ ನಿಂತು ಸದಾನಂದರು ಮೂರು ವರ್ಷ ಪೆಚ್ಚಾಗಿದ್ದರು. "ಕೈಗೆ ಕೆಲಸ ಉಂಟು, ಆದ್ರೆ ನನಗೆ ಗೊತ್ತಿದ್ದದ್ದು ಯಾರಿಗೂ ಬೇಡ. ಅದೊಂದು ಬೇಜಾರು" ಎನ್ನುತ್ತಾರೆ.

ಅವರಿಗೆ ಗೊತ್ತಿದ್ದದ್ದು ಬೇಕಾಗಿದ್ದ ಮನುಷ್ಯ ಎರಡು ಸಾವಿರದ ಒಂದರಲ್ಲಿ ಜಪಾನಿನಿಂದ ಬಂದರು. ಹೆಸರು ಗೆನ್ಶೋ. ಆಗಲೇ ಅರವತ್ತು ದಾಟಿದ್ದ, ತಲೆ ಬೋಳಿಸಿದ, ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುವ ಅರ್ಚಕರು. ಜಪಾನಿನಲ್ಲಿ ಶಿಂಗೋನ್ ಎಂಬ ಬೌದ್ಧ ಪಂಥವಿದೆ. ಶಿಂಗೋನ್ ಎಂದರೆ ಸತ್ಯವಾದ ಮಾತು, ಅಂದರೆ ಮಂತ್ರ. ಸಾವಿರದ ಇನ್ನೂರು ವರ್ಷಗಳ ಹಿಂದೆ ಕೂಕೈ ಎಂಬ ಸನ್ಯಾಸಿ ಚೀನಾಕ್ಕೆ ಹಡಗಿನಲ್ಲಿ ಹೋಗಿ, ಗುರುವಿನಿಂದ ಗುಟ್ಟಾಗಿ ಕಲಿತು ತಂದ ವಿದ್ಯೆ ಅದು. ಆ ಗುರುವಿನ ಗುರು, ಅವರ ಗುರು ಎಂದು ಹಿಂದಕ್ಕೆ ಹೋದರೆ ವಜ್ರಬೋಧಿ ಎಂಬೊಬ್ಬರು ಸಿಗುತ್ತಾರೆ. ಆತ ದಕ್ಷಿಣ ಭಾರತದವರು, ಕಂಚಿಯ ಅರಸನ ಆಸರೆಯಲ್ಲಿದ್ದು ಅಲ್ಲಿಂದ ಕಡಲು ದಾಟಿದವರು ಎಂದು ಅವರ ಪರಂಪರೆ ಹೇಳುತ್ತದೆ. ಆ ಕಂಚಿಯ ಮಣ್ಣಿನ ಹತ್ತಿರ ಕೆಲವು ವರ್ಷ ಇರಬೇಕು, ಹಳೆಯ ಹೋಮದ ಪುಸ್ತಕಗಳನ್ನು ಸಂಸ್ಕೃತದಲ್ಲೇ ಓದಬೇಕು ಎಂದು ಗೆನ್ಶೋ ಚೆನ್ನೈಗೆ ಬಂದು ಜಾನಕಮ್ಮನವರ ಮಹಡಿ ಕೋಣೆ ಬಾಡಿಗೆಗೆ ಹಿಡಿದರು.

ಜಾನಕಮ್ಮ ಮೈಸೂರಿನವರು, ವಿಮಾ ಕಚೇರಿಯಿಂದ ನಿವೃತ್ತರು. ನಲವತ್ತು ವರ್ಷದ ಚೆನ್ನೈ ವಾಸದಲ್ಲಿ ಅವರ ಕನ್ನಡಕ್ಕೆ ತಮಿಳು ಧಾರಾಳವಾಗಿ ಸೇರಿಕೊಂಡಿದೆ. "ಪೂಜೆ ಮಾಡ್ತೀನಿ ಅಂದ್ರು, ಸರಿ ಅಂದೆ. ಹೋಮ ಅಂತ ಹೇಳ್ಲೇ ಇಲ್ಲ. ಗೋಮಾ ಗೋಮಾ ಅಂದ್ರು, ಏನೋ ಅವರ ಕಡೆ ಅಭಿಷೇಕ ಇರ್ಬೇಕು ಅಂದ್ಕೊಂಡೆ. ಮೊದಲನೇ ಸಲ ಹಸಿ ಕಟ್ಟಿಗೆ ಹಾಕಿ ಎಂಥಾ ಪೊಗೆ ಎಬ್ಬಿಸಿದ್ರು ಅಂದ್ರೆ, ಎದುರು ಮನೆಯವರು ಫೈರ್ ಸರ್ವೀಸಿಗೆ ಫೋನ್ ಮಾಡ್ಬಿಟ್ರು. ಗಾಡಿ ಬಂತು. ಇವರು ಕೆಳಗಿಳಿದು ಬಂದು ಫೈರಿನವರಿಗೆ ನಮಸ್ಕಾರ ಮಾಡಿ ಒಬ್ಬೊಬ್ಬರಿಗೂ ಮಿಠಾಯಿ ಕೊಟ್ರು!"

ಇನ್ನೊಂದು ಸಲ ಹಾಗಾದರೆ ಮನೆ ಖಾಲಿ ಮಾಡಬೇಕೆಂದು ಹೇಳಿದ ಜಾನಕಮ್ಮನೇ ಮರುದಿನ ಟಿ. ನಗರದ ಹೋಟೆಲಿಗೆ ಹೋಗಿ, ಕಟ್ಟಿಗೆ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಧಣಿಗಳು ಬಾಯ್ಲರಿನ ಕಡೆಗೆ ಬೆರಳು ತೋರಿಸಿದರು. ಅಂದಿನಿಂದ ಸದಾನಂದರ ಬಾಯಲ್ಲಿ ಗೆನ್ಶೋ "ಜಪಾನ್ ಭಟ್ರು". ಭಟ್ಟರ ಬಾಯಲ್ಲಿ ಇವರು "ಸದಾನಂದ-ಸಾನ್", ಅಂದರೆ ಸದಾನಂದರವರು.

ಪ್ರತಿ ತಿಂಗಳ ಇಪ್ಪತ್ತೆಂಟು ಅಚಲನ ದಿನ. ಕೈಯಲ್ಲಿ ಕತ್ತಿ ಮತ್ತು ಹಗ್ಗ, ಬೆನ್ನ ಹಿಂದೆ ಉರಿ, ಮುಖದಲ್ಲಿ ಸಿಟ್ಟು ಇರುವ ಈ ದೇವರನ್ನು ಜಪಾನೀಯರು ಫುದೋ ಎನ್ನುತ್ತಾರೆ. ಸಿಟ್ಟು ಕೆಡುಕಿನ ಮೇಲೆ, ಹಗ್ಗ ದಾರಿ ತಪ್ಪಿದವರನ್ನು ಎಳೆದು ತರಲು. ಅಂದು ಬೆಳಗ್ಗೆ ಏಳಕ್ಕೆ, ಊರ ಹೊರಗಿನ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಜಪಾನೀ ಎಂಜಿನಿಯರುಗಳ ಕುಟುಂಬಗಳು ಮಹಡಿಗೆ ಬರುತ್ತವೆ. ಸುಮಾರು ಮೂವತ್ತು ಜನ. ಗೆನ್ಶೋ ಬೆರಳುಗಳನ್ನು ಹೆಣೆದು ಮುದ್ರೆ ಹಿಡಿಯುತ್ತಾರೆ, ಬಾಯಲ್ಲಿ ಮಂತ್ರ ಹೇಳುತ್ತಾರೆ, ಮನಸ್ಸಿನಲ್ಲಿ ದೇವರನ್ನು ನಿಲ್ಲಿಸಿಕೊಳ್ಳುತ್ತಾರೆ. ಮೈ, ಮಾತು, ಮನಸ್ಸು ಮೂರೂ ಕೂಡಿದರೆ ಈ ಜನ್ಮದಲ್ಲೇ, ಈ ಮೈಯಲ್ಲೇ ಮನುಷ್ಯ ಬುದ್ಧನಾಗಬಲ್ಲ ಎಂಬುದು ಶಿಂಗೋನಿನ ನಂಬಿಕೆ. ಕಟ್ಟಿಗೆ ನಮ್ಮೊಳಗಿನ ಆಸೆ ಮತ್ತು ಸಂಕಟ, ಬೆಂಕಿ ಅರಿವು. ಸಂಕಟಗಳು ನೂರೆಂಟು ಬಗೆಯೆಂದು ಅವರ ಲೆಕ್ಕ. ಆದ್ದರಿಂದ ಕಡ್ಡಿಗಳೂ ನೂರೆಂಟು. ಜಪಾನಿನ ದೊಡ್ಡ ಗುಡಿಗಳಲ್ಲಿ ಹರಕೆಯ ಕಡ್ಡಿಗಳನ್ನು ಬೇರೆಯಾಗಿ ಸಾವಿರಗಟ್ಟಲೆ ಸುಡುತ್ತಾರಂತೆ. ಇಲ್ಲಿಯ ಕುಂಡ ಚಿಕ್ಕದು, ಮೇಲಿರುವುದು ತಗಡಿನ ಮಾಡು. ಹಾಗಾಗಿ ಆ ನೂರೆಂಟರ ಮೇಲೆಯೇ ಹರಕೆ ಬರೆಯಬೇಕು, ಅದಕ್ಕಿಂತ ಹೆಚ್ಚಿಲ್ಲ ಎಂದು ಗೆನ್ಶೋ ಗೆರೆ ಎಳೆದಿದ್ದಾರೆ.

ಸದಾನಂದರ ತಿಂಗಳು ಈ ಇಪ್ಪತ್ತೆಂಟರ ಸುತ್ತ ತಿರುಗುತ್ತದೆ. ಹೋಟೆಲಿನ ಪಾಳಿ ಮುಗಿಸಿ ಮಧ್ಯಾಹ್ನ ಮಾವು, ಹಲಸು, ಅತ್ತಿಯ ಕೊಂಬೆ ಹುಡುಕಿಕೊಂಡು ಹೋಗುತ್ತಾರೆ. ಹಾಲು ಒಸರುವ ಮರ ಒಳ್ಳೆಯದೆಂದು ಭಟ್ಟರ ಪುಸ್ತಕ ಹೇಳಿದಾಗ ಸದಾನಂದ ನಕ್ಕಿದ್ದರಂತೆ, ಊರಿನ ಹೋಮಕ್ಕೂ ಅತ್ತಿ ಅರಳಿಯದೇ ಸಮಿತ್ತು. ಕೊಂಬೆ ಮರದಲ್ಲಿರುವಾಗಲೇ ಬುಡಕ್ಕೆ ಕೆಮ್ಮಣ್ಣು ಹಚ್ಚುತ್ತಾರೆ, ಯಾಕೆಂದರೆ ಸೀಳಿದ ಮೇಲೆ ಎರಡು ತುದಿಯೂ ಒಂದೇ ಥರ ಕಾಣುತ್ತದೆ. ಗರಗಸ ಮುಟ್ಟುವುದಿಲ್ಲ, ಕತ್ತಿಯಲ್ಲಿ ಎಳೆಯಗುಂಟ ಸೀಳುತ್ತಾರೆ. ಇನ್ನೂರು ಸೀಳಿದರೆ ನೂರಿಪ್ಪತ್ತು ದಕ್ಕುತ್ತದೆ. ಬಾಯ್ಲರಿನ ಮೇಲಿನ ಅಟ್ಟದಲ್ಲಿ ಹದಿನೈದು ದಿನ ಒಣಗಿಸಿ, ಇಪ್ಪತ್ತನೇ ತಾರೀಖು ನೂರೆಂಟನ್ನು ಭಟ್ಟರಿಗೆ ಕೊಡುತ್ತಾರೆ. ಕುಟುಂಬಗಳು ಬಂದು ಹರಕೆ ಬರೆಯುತ್ತವೆ. ಇಪ್ಪತ್ತೇಳರ ಸಂಜೆ ಬರವಣಿಗೆ ನಿಲ್ಲುತ್ತದೆ. ಇಪ್ಪತ್ತೆಂಟರ ಬೆಳಗ್ಗೆ ಪಸೆ ನೋಡಿ ಎಣಿಸಲು ಕಡ್ಡಿಗಳು ಮತ್ತೆ ಇವರ ಕೈಗೆ ಬರುತ್ತವೆ. ಮುರಿದದ್ದಕ್ಕೆ ಬದಲಿ ಬೇಕಾದರೆ ಇರಲೆಂದು ಒಂದೆರಡು ಖಾಲಿ ಕಡ್ಡಿ ಚೀಲದಲ್ಲಿರುತ್ತವೆ. ಆರು ವರ್ಷ ಒಂದು ಕಡ್ಡಿ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಹೊಗೆ ಬಂದ್ರೆ ಕಟ್ಟಿಗೆಯ ತಪ್ಪಲ್ಲ, ಕಟ್ಟಿಗೆ ಕೊಟ್ಟವನ ತಪ್ಪು. ಲೆಕ್ಕ ತಪ್ಪಿದ್ರೂ ಹಾಗೆಯೇ" ಎನ್ನುವ ಸದಾನಂದರು ಲೋಟದ ಕಡೆಗೆ ನೋಡುತ್ತಾರೆ. ಆಮೇಲೆ ಹಿಂದಿನ ವರ್ಷದ ಮಾರ್ಚ್ ತಿಂಗಳ ಕಥೆ ಹೇಳುತ್ತಾರೆ.

ಮಗ ಪ್ರವೀಣ್ ಸರಕು ಹಡಗಿನಲ್ಲಿ ಅಡುಗೆಯವನು. ಅಪ್ಪನ ಒಲೆಯ ಕೆಲಸ ಹೋದದ್ದನ್ನು ಕಂಡವನು ತನ್ನ ಒಲೆಯನ್ನು ಕಡಲಿನ ಮೇಲೆ ಹುಡುಕಿಕೊಂಡ. ಯಾವ ಬಂದರಿಗೆ ಹೋದರೂ ಹತ್ತು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಮಾರ್ಚ್ ಮೂರಕ್ಕೆ ಮೊಂಬಾಸಾದಿಂದ ಮಾತಾಡಿದ್ದೇ ಕೊನೆ. ಹದಿನೈದು ದಿನವಾದ ಮೇಲೆ ಸದಾನಂದ ಹಡಗಿನ ಏಜೆಂಟರ ಕಚೇರಿಗೆ ಹೋದರು. ಸುದ್ದಿ ಬಂದಿಲ್ಲ ಎಂದರು. ಇಪ್ಪತ್ತು ದಿನವಾದ ಮೇಲೆ ಮತ್ತೆ ಹೋದರೆ, ಕೂರಿಸಿ ನೀರು ಕೊಟ್ಟರು. ನೀರು ಕೊಟ್ಟದ್ದೇ ಸದಾನಂದರ ಜೀವ ಹಾರಿಸಿತು. ಸೊಮಾಲಿಯಾ ಕಡೆ ಕಡಲ್ಗಳ್ಳರು ಹಡಗು ಹಿಡಿಯುತ್ತಿದ್ದಾರೆಂದು ಹೋಟೆಲಿಗೆ ಬರುವ ತಮಿಳು ಪತ್ರಿಕೆಯಲ್ಲಿ ಯಾರೋ ಗಟ್ಟಿಯಾಗಿ ಓದುತ್ತಿದ್ದರೆ ಬಾಯ್ಲರಿನ ಹಿಂದೆ ಹೋಗಿ ನಿಲ್ಲುತ್ತಿದ್ದರು. ಹೆಂಡತಿ ಅಮ್ಮಣ್ಣಿಗೆ ರಕ್ತದೊತ್ತಡ. ಹಡಗಿನ ಫೋನ್ ಹಾಳಾಗಿದೆ ಎಂದು ಆಕೆಗೆ ಸುಳ್ಳು ಹೇಳಿದ್ದರು.

ಮಾರ್ಚ್ ಇಪ್ಪತ್ತೆಂಟರ ಬೆಳಗ್ಗೆ ಇದೇ ಗೋಣಿಚೀಲದ ಮೇಲೆ ಕುಳಿತು ಕಡ್ಡಿ ಎಣಿಸುತ್ತಿದ್ದರು. ಚೀಲದಲ್ಲಿ ಖಾಲಿ ಕಡ್ಡಿಯೊಂದಿತ್ತು. ಪೆನ್ಸಿಲ್ ತೆಗೆದು ಅದರ ಮೇಲೆ ಕನ್ನಡದಲ್ಲಿ ಪ್ರವೀಣ ಎಂದು ಬರೆದರು. ಹರಕೆ ಏನೆಂದು ಬರೆಯಲು ತೋಚಲಿಲ್ಲ, ಹೆಸರಷ್ಟೇ ಸಾಕೆನಿಸಿತು. ಕಟ್ಟಿನೊಳಗೆ ಸೇರಿಸಿದರೆ ನೂರೊಂಬತ್ತಾಗುತ್ತದೆ. ಭಟ್ಟರು ಜಪಮಾಲೆಯ ನೂರೆಂಟು ಮಣಿಗೆ ಸರಿಯಾಗಿ ಕಡ್ಡಿ ಹಾಕುವವರು, ಕೊನೆಯಲ್ಲಿ ಒಂದು ಉಳಿದರೆ ಗೊತ್ತಾಗಿಬಿಡುತ್ತದೆ.

"ನಾನು ಎಂತ ಮಾಡಿದೆ ಗೊತ್ತುಂಟಾ?" ಎನ್ನುವಾಗ ಅವರ ದನಿ ಇಳಿಯುತ್ತದೆ. "ಕಟ್ಟಿನ ಮಧ್ಯದಿಂದ ಒಂದು ಎಳ್ದೆ. ನೋಡ್ಲಿಲ್ಲ. ನೋಡಿದ್ರೂ ಓದ್ಲಿಕ್ಕೆ ಬರುದಿಲ್ಲ. ಅದನ್ನು ಅಂಗಿಯ ಒಳಗೆ ಹಾಕಿ ಪ್ರವೀಣನ ಕಡ್ಡಿ ಅಲ್ಲಿ ಇಟ್ಟೆ. ಎಣಿಸಿದೆ. ನೂರೆಂಟು."

ಭಟ್ಟರನ್ನು ಕೇಳಬಹುದಿತ್ತಲ್ಲ? ಈ ಪ್ರಶ್ನೆಯನ್ನು ಅವರು ತಮಗೆ ತಾವೇ ಸಾವಿರ ಸಲ ಕೇಳಿಕೊಂಡಿದ್ದಾರೆ. "ಕೇಳುದು ಅಂದ್ರೆ ಹೇಳ್ಬೇಕಲ್ಲ, ಮಗ ಕಾಣುದಿಲ್ಲ ಅಂತ. ಆ ಮಾತು ಬಾಯಿಂದ ಹೊರಗೆ ಬಂದ್ರೆ ನಿಜ ಆಗಿ ಹೋಗ್ತದೆ ಅಂತ ಹೆದರಿಕೆ. ಮತ್ತೆ ಅದು ಅವರ ಜನದ ಪೂಜೆ. ನಾನು ಕಟ್ಟಿಗೆಯವ."

ಅಂದಿನ ಬೆಂಕಿ ಎಂದಿನಂತೆ ಹೊಗೆಯಿಲ್ಲದೆ ಎದ್ದಿತು. ಸದಾನಂದರು ಎಂದಿನಂತೆ ಬಾಗಿಲ ಬಳಿ ನಿಂತಿದ್ದರು. ಆದರೆ ಕಣ್ಣು ಬೆಂಕಿಯ ಮೇಲಿರಲಿಲ್ಲ. ಕೈ ಮುಗಿದು ಕುಳಿತ ಮೂವತ್ತು ಜನರ ಬೆನ್ನು ನೋಡುತ್ತಿದ್ದರು. ಇವರಲ್ಲಿ ಯಾರದು? ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಸದಾನಂದರು ಮೆಟ್ಟಿಲಿಳಿದು ಹಿತ್ತಲಿಗೆ ಬಂದು ನಲ್ಲಿಯ ಕೆಳಗೆ ತಲೆಯೊಡ್ಡಿದರು.

ತೆಗೆದ ಕಡ್ಡಿಯನ್ನು ಏನು ಮಾಡುವುದೆಂದೇ ತಿಳಿಯಲಿಲ್ಲ. ಎಸೆಯುವಂತಿಲ್ಲ. ಬಾಯ್ಲರಿಗೆ ಹಾಕಿ ಸುಡಲು ಕೈ ಬರಲಿಲ್ಲ. ವೆಸ್ಟ್ ಮಾಂಬಲದ ತಮ್ಮ ಒಂಟಿ ಕೋಣೆಯಲ್ಲಿ ದೇವರ ಪಟದ ಹಿಂದೆ ಸಿಕ್ಕಿಸಿದರು. ಮೂರೇ ದಿನದಲ್ಲಿ ಅದು ಅಮ್ಮಣ್ಣಿಯ ಕಣ್ಣಿಗೆ ಬಿತ್ತು. ಜಪಾನ್ ಭಟ್ಟರು ಕೊಟ್ಟ ಪ್ರಸಾದವೆಂದೇ ತಿಳಿದ ಆಕೆ ಅದನ್ನು ಪಟದ ಮುಂದಕ್ಕೆ ತಂದು, ಕುಂಕುಮವಿಟ್ಟು, ದಿನಾ ದೀಪ ಹಚ್ಚತೊಡಗಿದರು. ಸಂಜೆ ಸದಾನಂದ ಮನೆಗೆ ಬಂದರೆ, ಅಮ್ಮಣ್ಣಿ ಆ ಕಡ್ಡಿಯ ಮುಂದೆ ಕುಳಿತು ಮಗನ ಕ್ಷೇಮ ಬೇಡುತ್ತಿರುತ್ತಿದ್ದರು. ಯಾರದೋ ಹರಕೆಯ ಮುಂದೆ ತಮ್ಮ ಹರಕೆ! ಬೇಡ ಎನ್ನಲು ಕಾರಣ ಹೇಳಬೇಕು. ಸದಾನಂದರು ಊಟ ಬಿಟ್ಟರು, ಹೊಟ್ಟೆ ಸರಿಯಿಲ್ಲ ಎಂದರು. ಹೋಟೆಲಿನಲ್ಲಿ ಮೂರು ಸಲ ಬಾಯ್ಲರಿಗೆ ನೀರು ಹಾಕಲು ಮರೆತರು.

ಏಪ್ರಿಲ್ ಒಂಬತ್ತರ ಮಧ್ಯಾಹ್ನ ಹೋಟೆಲಿನ ಕ್ಯಾಷ್ ಕೌಂಟರಿನ ಫೋನ್ ಬಡಿಯಿತು. ಒಮಾನಿನ ಸಲಾಲಾ ಬಂದರಿನಿಂದ ಪ್ರವೀಣ್. ನಡುಗಡಲಿನಲ್ಲಿ ಎಂಜಿನ್ ನಿಂತು, ವೈರ್‌ಲೆಸ್ ಕೆಟ್ಟು, ವಾರಗಟ್ಟಲೆ ತೇಲಿ, ಕೊನೆಗೆ ಇನ್ನೊಂದು ಹಡಗು ಎಳೆದುಕೊಂಡು ಬಂದಿತ್ತಂತೆ. "ಹಗ್ಗ ಕಟ್ಟಿ ಎಳ್ದರು ಅಪ್ಪ" ಎಂದ. ಸದಾನಂದರು ಕೌಂಟರಿನ ಮುಂದೆಯೇ ಕುಸಿದು ಕುಳಿತು ಅತ್ತರು. ಧಣಿಗಳು ಓಡಿ ಬಂದು ಎಬ್ಬಿಸಿದರು, ಇಡೀ ಅಡುಗೆಮನೆಗೆ ಜಿಲೇಬಿ ಹಂಚಿದರು.

ಖುಷಿ ಆ ಸಂಜೆಯವರೆಗೆ ಮಾತ್ರ ಇತ್ತು. ಮನೆಗೆ ಬಂದು ಪಟದ ಮುಂದಿನ ಕಡ್ಡಿ ನೋಡಿದಾಗ ಹೊಸ ಭಯ ಹಿಡಿಯಿತು, ಹಳೆಯದಕ್ಕಿಂತ ಕೆಟ್ಟದ್ದು. ತನ್ನ ಮಗ ದಡ ಸೇರಿದ. ಹಾಗಾದರೆ ಅಚಲನ ಹಗ್ಗ ಅವನ ಕಡೆ ಹೋಗಿತ್ತು. ಯಾರ ಕಡೆ ಹೋಗಬೇಕಿದ್ದದ್ದು ತಿರುಗಿ ಇವನ ಕಡೆ ಹೋಯಿತು? ಆ ಮನೆಯಲ್ಲಿ ಈಗ ಏನಾಗಿದೆ? ಅಣ್ಣಾ ನಗರದ ಬಸ್ಸಿನಲ್ಲಿ ಜಪಾನೀ ಮುಖ ಕಂಡರೆ ಇಳಿದುಬಿಡುವ ಸ್ಥಿತಿಗೆ ಬಂದರು.

ಹತ್ತು ದಿನ ಹೀಗೆ ಕಳೆದ ಮೇಲೆ ಅಮ್ಮಣ್ಣಿಯೇ ಕೇಳಿದರು. "ಹುಡುಗನ ಫೋನ್ ಬಂದಾಯ್ತು, ಇನ್ನೂ ನೀವು ಸಮ ಇಲ್ಲ. ಈ ಕೋಲಿನ ಹತ್ರ ಬಂದಾಗೆಲ್ಲ ಮೋರೆ ಬೇರೆ ಆಗ್ತದೆ. ಎಂತ ಇದು?" ಸದಾನಂದ ಎಲ್ಲವನ್ನೂ ಹೇಳಿದರು. ಅಮ್ಮಣ್ಣಿ ಎದ್ದು ಕಡ್ಡಿಯ ಕುಂಕುಮವನ್ನು ಸೆರಗಿನಿಂದ ಮೆಲ್ಲಗೆ ಒರೆಸಿ ಗಂಡನ ಕೈಗಿತ್ತರು. "ಪಾಪ, ಅವರದ್ದು ಅವರಿಗೆ ಕೊಟ್ಟು ಬನ್ನಿ. ನಮ್ಮದು ಬಂತಲ್ಲ."

ಇಪ್ಪತ್ತನೇ ತಾರೀಖು ಹೊಸ ಕಡ್ಡಿಗಳ ಕಟ್ಟಿನ ಜೊತೆ ಅದನ್ನೂ ಹಿಡಿದು ಮಹಡಿ ಹತ್ತಿದರು. ಮಾತು ಮಾಡಿಕೊಡಲು ಜಾನಕಮ್ಮನನ್ನೂ ಕರೆದರು. ಗೆನ್ಶೋ ಅವರ ತಮಿಳು ತರಕಾರಿ ಕೊಳ್ಳುವಷ್ಟೇ, ಇಂಥ ಮಾತಿಗೆ ಸಾಲದು. ಜಾನಕಮ್ಮ ಕೇಳುತ್ತಾ ಕೇಳುತ್ತಾ ಹಣೆ ಚಚ್ಚಿಕೊಂಡರು, "ಅಯ್ಯೋ, ನನ್ ಹತ್ರ ಒಂದ್ ವಾರ್ತೆ ಹೇಳ್ಬಾರ್ದಾಗಿತ್ತಾ?" ಎಂದರು, ಆದರೂ ಒಂದು ಮಾತು ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ಇನ್ನು ಈ ಮೆಟ್ಟಿಲು ಹತ್ತಬೇಡ ಎಂಬ ಉತ್ತರಕ್ಕೆ ಸದಾನಂದ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಮಂಡಿಯೂರಿ ಕುಳಿತಿದ್ದ ಭಟ್ಟರು ಕಡ್ಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಓದಿದರು. ಆಮೇಲೆ ಹೇಳಿದ್ದನ್ನು ಜಾನಕಮ್ಮ ಕನ್ನಡಕ್ಕೆ ತಂದರು.

ನಿಮ್ಮ ಕಡ್ಡಿ ಅಂದೇ ಕಂಡಿತ್ತು. ನೂರೆಂಟರಲ್ಲಿ ಒಂದರ ಮೇಲೆ ಬೇರೆ ಅಕ್ಷರ, ಅದೂ ಪೆನ್ಸಿಲಿನಲ್ಲಿ. ನನಗೆ ಓದಲು ಬರಲಿಲ್ಲ. ಇಲ್ಲಿ ಕನ್ನಡ ಬರೆಯುವವರು ಇಬ್ಬರೇ, ಮನೆಯ ಯಜಮಾನಿ ಬರೆಯುವುದು ಪೆನ್ನಿನಲ್ಲಿ. ಯಾರೋ ತುಂಬ ಹೆದರಿದವರು ಬರೆದದ್ದು ಎಂದು ಕೈ ನೋಡಿದರೇ ತಿಳಿಯುತ್ತಿತ್ತು. ಆದ್ದರಿಂದ ಅದನ್ನು ಹಾಕುವಾಗ ಮಂತ್ರ ಎರಡು ಸಲ ಹೇಳಿದೆ. ನೀವು ಬರುವಿರೆಂದು ಕಾಯುತ್ತಿದ್ದೆ.

ಸದಾನಂದರಿಗೆ ಬೇಕಾಗಿದ್ದದ್ದು ಅದಲ್ಲ. "ಇದು ಯಾರದ್ದು ಭಟ್ರೆ?" ಎಂದರು.

ಅದನ್ನು ಹೇಳಲಾಗದು ಎಂದರು ಗೆನ್ಶೋ. ಬರೆದವರಿಗೂ ಅಚಲನಿಗೂ ನಡುವಿನ ಮಾತು ಅದು. ನಾನು ಓದುತ್ತೇನೆ, ಬಾಯಿ ಬಿಡುವುದಿಲ್ಲ. ಗುಟ್ಟು ಕಾಯುವುದು ನಮ್ಮ ಪಂಥದ ಮೊದಲ ಪಾಠ.

"ಕಾಯಿಲೆಯದ್ದಾ? ಅಷ್ಟಾದ್ರೂ ಹೇಳಿ."

ಭಟ್ಟರು ಕಡ್ಡಿಯನ್ನು ಇನ್ನೊಮ್ಮೆ ನೋಡಿ ಹೌದೆಂದು ತಲೆಯಾಡಿಸಿದರು.

"ಜೀವ ಉಂಟಾ?"

"ಇರುಕ್ಕು" ಎಂದರು ಭಟ್ಟರು, ತಮಿಳಿನಲ್ಲಿ, ನೇರವಾಗಿ ಸದಾನಂದರಿಗೇ. ಇದ್ದಾರೆ.

ಏಪ್ರಿಲ್ ಇಪ್ಪತ್ತೆಂಟರಂದು ಗೆನ್ಶೋ ಬಾಗಿಲ ಬಳಿ ನಿಂತಿದ್ದ ಸದಾನಂದರನ್ನು ಒಳಗೆ ಕರೆದರು. ಆರು ವರ್ಷದಲ್ಲಿ ಮೊದಲ ಸಲ ಅವರು ಕುಂಡದ ಮುಂದೆ ಕುಳಿತರು. ಜಪಾನೀ ಕುಟುಂಬಗಳು ಅಚ್ಚರಿಯಿಂದ ನೋಡುತ್ತಿದ್ದಂತೆ ಭಟ್ಟರು ಆ ಕಡ್ಡಿಯನ್ನು ಎಣ್ಣೆಯಲ್ಲದ್ದಿ ಅವರ ಕೈಗಿಟ್ಟರು. ಬುಡ ತಮ್ಮ ಕಡೆಗೆ, ತುದಿ ಬೆಂಕಿಯ ಕಡೆಗೆ. ಅಷ್ಟು ವರ್ಷ ಒಲೆಗೆ ಕಟ್ಟಿಗೆ ಒಟ್ಟಿದ ಕೈಯಿಂದಲೇ ಅದನ್ನು ಬೆಂಕಿಗಿಟ್ಟರು. ಅದು ಆ ತಿಂಗಳ ನೂರೆಂಟಕ್ಕಿಂತ ಮೊದಲು ಉರಿಯಿತು. ಬರೆದವರು ಆ ಕೋಣೆಯಲ್ಲಿದ್ದರೋ ಇಲ್ಲವೋ ಇವತ್ತಿಗೂ ಅವರಿಗೆ ಗೊತ್ತಿಲ್ಲ. ಇಪ್ಪತ್ತೆಂಟು ಬಂದರೆ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಮೇಲೆ ಹೋಗುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಾರೆ. ಯಾರಾದರೂ ಒಂದು ತಿಂಗಳು ಬಾರದಿದ್ದರೆ ಜಾನಕಮ್ಮನ ಹತ್ತಿರ ಹೋಗಿ, ಊರಿಗೆ ಹೋಗಿದ್ದಾರಾ, ಹುಷಾರಿದ್ದಾರಾ ಎಂದು ವಿಚಾರಿಸುತ್ತಾರೆ.

ಲೋಟದ ಕಡ್ಡಿ ಅಂದಿನಿಂದ ಬಂದದ್ದು. ಸದಾನಂದರು ಬೇಡಿಕೊಂಡರು, ಭಟ್ಟರು ಒಂದು ರಾತ್ರಿ ಯೋಚಿಸಿ ಒಪ್ಪಿದರು. ಒಂದೇ ಒಂದು, ಎರಡಾಗಕೂಡದು. ಯಾರು ಬೇಕಾದರೂ ಬರೆಯಬಹುದು, ಯಾವ ಭಾಷೆಯಲ್ಲಾದರೂ, ಯಾರಿಗೂ ಹೇಳಬೇಕಿಲ್ಲ. ಮೇಲಿನ ಮೆಟ್ಟಿಲಿನ ಪೆಟ್ಟಿಗೆಗೆ ಹಾಕಿದರಾಯಿತು, ಭಟ್ಟರು ಅದನ್ನು ಜಪಮಾಲೆ ಕೆಳಗಿಟ್ಟ ಮೇಲೆ ಕೊನೆಯದಾಗಿ ಹಾಕುತ್ತಾರೆ. ಕೆಲವು ತಿಂಗಳು ಖಾಲಿ ಉಳಿಯುತ್ತದೆ. ನವೆಂಬರಿನಲ್ಲಿ ಮನೆಗೆಲಸಕ್ಕೆ ಬರುವ ಜಯಲಕ್ಷ್ಮೀ ತಮಿಳಿನಲ್ಲಿ ಬರೆದರು. ಏನೆಂದು ಜಾನಕಮ್ಮ ಕೇಳಿದ್ದಕ್ಕೆ ಸದಾನಂದರು ಅವರ ಮೇಲೆ ರೇಗಿದರಂತೆ. "ನನ್ ಮನೇ ಮಹಡೀಲಿ ನನ್ನನ್ನೇ ಗದರಿಸ್ತಾರೆ ನೋಡಿ" ಎಂದು ಜಾನಕಮ್ಮ ನಗುತ್ತಾರೆ.

ಇದನ್ನೆಲ್ಲ ಬರೆಯಬಹುದೇ ಎಂದರೆ ಸದಾನಂದರು ಕತ್ತಿಯ ಹಿಡಿ ಒರೆಸುತ್ತಾರೆ. "ಬರೀರಿ. ಭಟ್ರಿಗೆ ಗೊತ್ತುಂಟು, ಮನೆಯಲ್ಲಿ ಗೊತ್ತುಂಟು. ಇನ್ನು ಯಾರಿಗೆ ಅಡಗಿಸುದು? ಬರೆದವರಿಗೆ ಒಂದು ದಿವಸ ಮುಟ್ಟಿದ್ರೆ, ಇವ ತೆಗೆದದ್ದು ಹೌದು, ವಾಪಸು ಹಾಕಿದ್ದೂ ಹೌದು ಅಂತ ಗೊತ್ತಾಗ್ಲಿ."

ಏಳು ಗಂಟೆಗೆ ಮಹಡಿಯಲ್ಲಿ ಗಂಟೆ ಕೇಳುತ್ತದೆ. ಆಮೇಲೆ ಮಂತ್ರ, ಡೋಲಿನ ಪೆಟ್ಟು. ಎದುರು ಮನೆಯವರು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದಾರೆ. ತಗಡಿನ ಮಾಡಿನ ಸಂದಿಯಿಂದ ಹೊಗೆಯ ಒಂದೆಳೆಯೂ ಹೊರಬರುವುದಿಲ್ಲ. ಸದಾನಂದರು ಮಾತ್ರ ಹಿತ್ತಲಲ್ಲಿ ಅತ್ತಿಂದಿತ್ತ ನಡೆಯುತ್ತಾ, ಅಂಗಿಯ ಜೇಬಿನ ಮೊಬೈಲನ್ನು ತೆಗೆದು ನೋಡಿ ಮತ್ತೆ ಇಡುತ್ತಾರೆ. ಪ್ರವೀಣ್ ಡಿಸೆಂಬರಿನಲ್ಲಿ ಮತ್ತೆ ಹಡಗು ಹತ್ತಿದ್ದಾನೆ. ಇವತ್ತಿಗೆ ಫೋನ್ ಬಾರದೆ ಹದಿನಾಲ್ಕು ದಿನ. ಏಜೆಂಟರ ಕಚೇರಿಗೆ ನಿನ್ನೆ ಹೋಗಿ ಬಂದಿದ್ದಾರೆ. ಹಡಗು ಸರಿಯಾದ ದಾರಿಯಲ್ಲೇ ಇದೆ ಎಂದರಂತೆ. ಇಂದು ಬೆಳಗ್ಗೆ ಆ ಖಾಲಿ ಕಡ್ಡಿಯನ್ನು ಲೋಟಕ್ಕೆ ಹಾಕುವ ಮೊದಲು ಅವರು ಅದನ್ನು ಕೆನ್ನೆಗೆ ಒತ್ತಿಕೊಂಡದ್ದು ಪಸೆ ನೋಡಲು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು.

ನೀವೇ ಬರೆಯಬಹುದಿತ್ತಲ್ಲ ಎಂದರೆ, "ಮನಸ್ಸಿತ್ತು. ಪೆನ್ಸಿಲೂ ಹಿಡಿದೆ. ಆದ್ರೆ ನನ್ನದೊಂದು ಒಮ್ಮೆ ಹೋಗಿದೆಯಲ್ಲ, ಬೇರೆಯವರ ಜಾಗದಲ್ಲಿ" ಎನ್ನುತ್ತಾರೆ.

ಹೋಮ ಮುಗಿದು ಕುಟುಂಬಗಳು ಇಳಿದು ಬರುತ್ತವೆ. ಸದಾನಂದರಿಗೆ ಒಬ್ಬೊಬ್ಬರೂ ತಲೆ ಬಾಗಿ ನಮಸ್ಕರಿಸುತ್ತಾರೆ. ಇವರೂ ಅಷ್ಟೇ ಬಾಗುತ್ತಾರೆ, ಮುಖಗಳನ್ನು ಲೆಕ್ಕ ಹಾಕುತ್ತಾರೆ. ಎಲ್ಲರೂ ಹೋದ ಮೇಲೆ ಮೆಟ್ಟಿಲಿನ ಕೆಳಗೆ ಬಗ್ಗಿ ಲೋಟ ಎತ್ತುತ್ತಾರೆ. ಒಳಗೆ ಪೆನ್ಸಿಲ್ ಮಾತ್ರ ಇದೆ. ಯಾರು ಬರೆದರೆಂದು ಅವರು ಅತ್ತಿತ್ತ ನೋಡುವುದಿಲ್ಲ. ಲೋಟ ತೊಳೆದು ಬಟ್ಟೆಚೀಲಕ್ಕೆ ಹಾಕಿಕೊಳ್ಳುತ್ತಾರೆ, ಹೋಟೆಲಿನ ಪಾಳಿಗೆ ಬಸ್ಸು ಹಿಡಿಯಬೇಕು. ಗೇಟಿನ ಬಳಿ ಜೇಬು ಮುಟ್ಟಿಕೊಂಡು ಮೊಬೈಲ್ ನೋಡುತ್ತಾರೆ. ಅದು ಇನ್ನೂ ಬಡಿದಿಲ್ಲ.

"ಇವತ್ತು ನೂರೊಂಬತ್ತು" ಎನ್ನುತ್ತಾರೆ. "ಯಾರೂ ಯಾರದ್ದನ್ನೂ ತೆಗಿಲಿಲ್ಲ."